ಐದನೆಯ ಧ್ವನಿಮುದ್ರಿಕೆಯ ಬಲಗೈ

ಪಿಯಾನೊದ ಹೊಟ್ಟೆಯ ಕೆಳಗೆ ನಾನು ಅಂಗಾತ ಮಲಗಿದ್ದೆ. ಕೈಯಲ್ಲಿ ಬ್ಯಾಟರಿ, ಮೂಗಿನ ಮೇಲೆ ಧೂಳು, ಸೊಂಟದಲ್ಲಿ ಐವತ್ತೇಳು ವರ್ಷದ ನೋವು.

"ಬಾರಸೋ ಮಾಂತು," ಅಂದೆ.

ಮೇಲೆ ಮಾಂತು ಬಲಗಡೆಯ ಒಂದು ಬಿಳಿ ಪಟ್ಟಿ ಒತ್ತಿದ. ಸ್ವರ ಎದ್ದು ಕೋಣೆಯ ತುಂಬ ನಿಂತಿತು. ಅವನು ಬೆರಳು ತೆಗೆದ ಕೂಡಲೇ ಅದು ಅಡಗಬೇಕಿತ್ತು. ಅಡಗಿತು, ಆದರೆ ಪೂರಾ ಅಲ್ಲ. ಸೊಳ್ಳೆ ಗುಂಯ್ಗುಟ್ಟಿದಷ್ಟು ತೆಳ್ಳಗೆ ಏನೋ ಒಂದು ನಾಲ್ಕೈದು ಕ್ಷಣ ಉಳಿದುಕೊಂಡು ಆಮೇಲೆ ಹೋಯಿತು.

"ಪಕ್ಕದ್ದು."

ಪಕ್ಕದ್ದು ಬೆರಳು ತೆಗೆದೊಡನೆ ಚೊಕ್ಕಟವಾಗಿ ನಿಂತಿತು.

"ಮತ್ತ ಮೊದಲಿಂದು."

ಗುಂಯ್.

"ಅಕ್ಕಾರ, ಹೊರಗ ಬರ್ರಿ," ಅಂದ ಮಾಂತು. "ಅಲ್ಲಿ ಕೆಳಗ ಏನೂ ಇಲ್ಲರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೆಳಗೆ ಏನಾದರೂ ಇದೆ ಎಂದು ನಾನು ಹೇಳಿಯೇ ಇರಲಿಲ್ಲ. ಬ್ಯಾಟರಿಯ ಬೆಳಕನ್ನು ದಪ್ಪ ತೊಲೆಯ ಒಳಮಗ್ಗುಲಿಗೆ ತಿರುಗಿಸಿದೆ. ಅಲ್ಲಿ ಪೆನ್ಸಿಲ್ಲಿನಲ್ಲಿ, ಸಣ್ಣ ಕನ್ನಡ ಅಕ್ಷರದಲ್ಲಿ, ಸಾಲು ಸಾಲು ಬರಹ. ಕೊನೆಯ ಸಾಲು ಹೀಗಿತ್ತು: 'ಶ್ರೀ. ಜೂನ್ ೩. ಮೇಲಿನ ಸ್ವರದ ತಂತಿ ೧ ಹರಿಯಿತು. ಮೀರಜದ ತಂತಿ ಹಾಕಿದೆ. ದೇವರು ಕಾಯಲಿ.'

ಹೊಸದಾಗಿ ಓದುವವರಿಗೆ ಒಂದೇ ಮಾತು. ಪಿಯಾನೊ ವಾದಕಿ ಅಂಬಾಬಾಯಿ ಸವಣೂರ ಅವರ ಹೆಸರಿನಲ್ಲಿ ಹೊರಬಂದ ಐದು ಧ್ವನಿಮುದ್ರಿಕೆಗಳು ಅವರವಲ್ಲ ಎಂದು ಹತ್ತು ದಿನದ ಹಿಂದೆ ಹೆಸರಿಲ್ಲದ ಕಾಗದವೊಂದು ಪುಣೆಯ ಸಂಗೀತ ಮಂಡಳಿಗೆ ಹೋಗಿತ್ತು. ನಾಳೆ ಭಾನುವಾರ ಸಂಜೆ ನಾಲ್ಕಕ್ಕೆ ಮಂಡಳಿಯ ಮೂವರು ನಿಗಡಿಯ ಈ ಮನೆಗೆ ಬರುವವರಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಮುದ್ರಿಕೆಗಳು ಖೋಟಾ ಎಂದು ಸಾರುತ್ತಾರೆ, ಐವತ್ತು ವರ್ಷ ದುಡಿದ ಹೆಸರು ಒಂದೇ ಸಂಜೆಯಲ್ಲಿ ಮಣ್ಣುಪಾಲಾಗುತ್ತದೆ.

ನಾನು ತೆವಳಿಕೊಂಡು ಹೊರಗೆ ಬಂದೆ. ಮಾಂತು ಶ್ರುತಿಯ ಕೀಲಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದ. ನಲವತ್ತು ದಾಟಿದ ಆಸಾಮಿ. ಶನಿವಾರ ಪೇಟೆಯಲ್ಲಿ ಅಪ್ಪನ ಕಾಲದ ಹಾರ್ಮೋನಿಯಂ ರಿಪೇರಿ ಅಂಗಡಿ ಅವನದು.

"ಇದೇನೋ ಇದು?"

"ನಮ್ಮ ಮನಿತನದ ರೂಢಿರಿ. ಪೆಟ್ಟಿಗಿ ಬಿಚ್ಚಿದ್ರ ಏನ ಕೆಟ್ಟಿತ್ತು, ಏನ ಹಾಕಿದ್ವಿ ಅಂತ ಒಳಗ ಬರದು ಮುಚ್ಚಬೇಕು. ಮುಂದ ಬಿಚ್ಚಿದವಗ ತಿಳೀಬೇಕಲ್ರಿ. ಸುಳ್ಳು ಬರದ್ರ ಕಸುಬು ಕೈ ಹಿಡಿಯೂದಿಲ್ಲ ಅಂತಿದ್ದ ನಮ್ಮಪ್ಪ."

"ಮೀರಜದ ತಂತಿ ಅಂದ್ರ?"

ಅವನು ನೆಲ ನೋಡಿದ. "ತಂಬೂರಿ ತಂತಿರಿ. ಇಲ್ಲಿ ಒಂದೊಂದು ಸ್ವರಕ್ಕ ಮೂರ ಮೂರು ತಂತಿ ಇರ್ತಾವ. ಒಂದು ಹರೀತು. ಜರ್ಮನಿಯಿಂದ ಬರಾಕ ಎರಡು ತಿಂಗಳು ಅಂದ್ರು. ಬಾಯಾರಿಗೆ ಹೇಳಾಕ ಅಂಜಿಕಿ. ಇಂಥಾ ವಾದ್ಯಕ್ಕ ತಂಬೂರಿ ತಂತಿ ಹಾಕೀನಿ ಅಂದ್ರ ಮನಿ ಹೊಸಲಿ ತುಳಸ್ತಾರೇನ್ರಿ? ಅದು ತೆಳುವು. ಸದ್ದು ಅಡಗಸೂ ಮೆತ್ತಿ ಅದನ್ನ ಸರಿಯಾಗಿ ಹಿಡಿಯೂದಿಲ್ಲ. ಅದಕ್ಕ ಆ ಗುಂಯ್."

"ಆ ತಂತಿ ಇನ್ನೂ ಅದ ಏನು?"

"ಅದರಿ. ತಗದೇ ಇಲ್ಲ. ಬಾಯಾರು ಏನೂ ಅನ್ನಲಿಲ್ಲ, ನಾನೂ ಸುಮ್ಮನಾದೆ."

ನಾನು ಮೊಬೈಲು ತೆಗೆದು ಐದನೆಯ ಮುದ್ರಿಕೆ ಹಚ್ಚಿದೆ. ಸೆಪ್ಟೆಂಬರಿನಲ್ಲಿ ಹೊರಬಂದದ್ದು. ಮೊದಲಿನ ನಾಲ್ಕನ್ನು ಕೇಳಿ ಜಗತ್ತು ತಲೆದೂಗಿತ್ತು, ಇದನ್ನು ಕೇಳಿ ಮಾತು ನಿಲ್ಲಿಸಿತ್ತು. ಹನ್ನೊಂದನೆಯ ನಿಮಿಷದಲ್ಲಿ ಒಂದು ಜಾಗವಿದೆ. ಹೊಳೆಯಂತೆ ಬರುತ್ತಿದ್ದ ಸ್ವರಗಳೆಲ್ಲ ಒಮ್ಮೆಲೇ ನಿಂತು, ಮೇಲಿನ ಒಂದೇ ಒಂದು ಸ್ವರ ಬೀಳುತ್ತದೆ. ಆಮೇಲೆ ಮೌನ. ಈ ವಾರದಲ್ಲಿ ನಾನು ಅದನ್ನು ಹತ್ತೊಂಬತ್ತು ಸಲ ಕೇಳಿದ್ದೆ, ಹತ್ತೊಂಬತ್ತು ಸಲವೂ ಮೈ ಜುಂ ಅಂದಿತ್ತು. ಆ ಮೌನದಲ್ಲಿ ಈಗ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೆ.

ಗುಂಯ್.

ಮಾಂತು ಕಣ್ಣರಳಿಸಿದ. "ನಂದ ತಂತಿರಿ ಅದು."

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಐದನೆಯದು ಎಲ್ಲಿಂದಲೋ ಕದ್ದು ತಂದದ್ದಲ್ಲ. ಇದೇ ಪಿಯಾನೊ, ಇದೇ ಕೋಣೆ, ಜೂನ್ ಮೂರರ ನಂತರ. ಜಗತ್ತಿನಲ್ಲಿ ತಂಬೂರಿ ತಂತಿ ಹಾಕಿಸಿಕೊಂಡ ಜರ್ಮನ್ ಪಿಯಾನೊ ಇನ್ನೊಂದಿರಲಾರದು.

ಶಿವಾನಿ ಚಹಾ ತಂದಳು. ಅಂಬಾಬಾಯಿಯ ತಮ್ಮನ ಮಗಳು, ಅತ್ತೆಯ ಜೊತೆಯೇ ಇರುವವಳು, ವಾಕಡದಲ್ಲಿ ನೌಕರಿ. ನನ್ನನ್ನು ಈ ಕೆಲಸಕ್ಕೆ ಕರೆಸಿದವಳೂ ಅವಳೇ. ವಿಷಯ ಹೇಳಿದೆ. ಅವಳು ಟ್ರೇ ಕೆಳಗಿಟ್ಟು ಉಸಿರು ಬಿಟ್ಟಳು.

"ಅಷ್ಟ ಸಾಕ್ರಿ ಭೀಮವ್ವಾರ. ಈ ಪಿಯಾನೊ ಮ್ಯಾಲ, ಈ ಮನಿಯೊಳಗ ನುಡಿಸಿದ್ದು ಅಂತ ತೋರಿಸಿದ್ರ ನಾಳೆ ಅವರ ಬಾಯಿ ಮುಚ್ಚತದ. ನಿಮ್ಮ ಕೆಲಸ ಮುಗೀತು."

ಅಷ್ಟರಲ್ಲಿ ಅವಳ ಫೋನು. ಮಂಡಳಿಯ ಕಾರ್ಯದರ್ಶಿ. "ಉದ್ಯಾ ಚಾರ್ ವಾಜತಾ ಯೇತೋ ಆಮ್ಹಿ ತಿಘೇ," ಅಂದರು, ನಾಳೆ ನಾಲ್ಕಕ್ಕೆ ಮೂವರೂ ಬರುತ್ತೇವೆ ಎಂದು. "ಹೋ, ಯಾ," ಅಂದಳು ಶಿವಾನಿ, ಆಗಲಿ ಬನ್ನಿ ಎಂದು; ಮುಖದಲ್ಲಿ ಹತ್ತು ದಿನದ ನಂತರ ಸ್ವಲ್ಪ ರಕ್ತ ಬಂದಿತ್ತು. ಮಾಂತುವನ್ನು ಬಾಗಿಲತನಕ ಬಿಟ್ಟು ಅಡುಗೆಮನೆಗೆ ಹೋದಳು.

ನಾನು ಚಹಾ ಕುಡಿದು ಎದ್ದು ಹೋಗಬೇಕಿತ್ತು. ನನ್ನ ಕಸುಬು ಅಷ್ಟೇ. ಮದುವೆಗೆ ಮುಂಚೆ ಗಂಡಿನ ಕುಡಿತ, ಹೆಣ್ಣಿನ ಹಳೆಯ ಗೆಳೆತನ, ಎರಡೂ ಕಡೆಯವರ ಸುಳ್ಳು ಹುಡುಕಿಕೊಡುವವಳು ಈ ಭೀಮವ್ವ ಹಾದಿಮನಿ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತಾರಲ್ಲ, ಸಂಗೀತದ ವಿಷಯದಲ್ಲಿ ಆ ಕೋಣ ನಾನೇ. ಆದರೆ ಪಿಯಾನೊ ಕೆಳಗಿಂದ ತೆವಳಿ ಬರುವಾಗ ನನ್ನ ಮೊಣಕೈಗೆ ಹಾಸಿನಲ್ಲೊಂದು ಕುಳಿ ತಾಗಿತ್ತು.

ನೆಲಕ್ಕೆ ಹಾಸಿದ್ದು ನವಲಗುಂದದ ಜಮಖಾನೆ. ಪಿಯಾನೊದ ಮುಂದಿನ ಆಸನದ ಕಾಲುಗಳು ಊರಿದ ಗುರುತು ಅದರಲ್ಲಿ ಎರಡು ಕಡೆ ಇತ್ತು. ನಡುವಿನಲ್ಲಿ ಒಂದು ಜೊತೆ. ಅದು ಸರಿ, ನುಡಿಸುವವರು ನಡುವೆ ಕೂರುತ್ತಾರೆ. ಇನ್ನೊಂದು ಜೊತೆ ಬಲಕ್ಕೆ ಒಂದೂವರೆ ಮೊಳ ದೂರ, ಅದೂ ನಡುವಿನದಕ್ಕಿಂತ ಆಳ. ನೂಲು ಸವೆದು ಅಡಿಯ ಹೆಣಿಗೆ ಕಾಣುತ್ತಿತ್ತು. ಪಿಯಾನೊದ ಬಲ ಅಂಚಿಗೆ ಹೋಗಿ ವರ್ಷಗಟ್ಟಲೆ ಕೂತವರು ಯಾರು, ಏತಕ್ಕೆ?

ಅಂಬಾಬಾಯಿಯ ಬಲಗೈ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿಲ್ಲ. ಅದನ್ನು ನಾನು ಮೂರು ಡಾಕ್ಟರುಗಳಿಂದ ಖಚಿತ ಮಾಡಿಕೊಂಡಿದ್ದೆ. ಚಹಾದ ಕಪ್ಪು ಹಿಡಿಯುವ ಶಕ್ತಿ ಆ ಬೆರಳಿಗಿಲ್ಲ. ಅವರ ಒಬ್ಬಳೇ ಶಿಷ್ಯೆ ಸಾಯಲಿ ನುಡಿಸಿರಬಹುದು ಎಂದು ಮೊದಲು ಅನುಮಾನಪಟ್ಟೆ. ಆದರೆ ಸಾಯಲಿ ಏಪ್ರಿಲ್‌ನಲ್ಲಿ ಯುರೋಪಿಗೆ ಹೋದವಳು ಇವತ್ತಿಗೂ ವಾಪಸು ಬಂದಿಲ್ಲ. ಪಾಸ್‌ಪೋರ್ಟಿನ ಪುಟಗಳ ಫೋಟೊ ತರಿಸಿ ನೋಡಿದ್ದೇನೆ. ಪಿಯಾನೊ ಇದೇ ಎಂದು ಸಾಬೀತಾದರೆ ಕೈ ಯಾರದು ಎಂಬ ಪ್ರಶ್ನೆ ದೊಡ್ಡದಾಗುತ್ತದೆಯೇ ಹೊರತು ಸಣ್ಣದಾಗುವುದಿಲ್ಲ. ಇದು ಮಂಡಳಿಯವರಿಗೆ ಹೊಳೆಯದೆ ಇರುತ್ತದೆಯೇ?

ಸ್ಟ್ಯಾಂಡಿನ ಮೇಲೆ ಸ್ವರದ ಪುಸ್ತಕ ತೆರೆದಿತ್ತು. ನನಗೆ ಅದು ಇರುವೆಯ ಮೆರವಣಿಗೆ. ಆದರೆ ಇರುವೆಗಳ ಮೇಲೆ ಪೆನ್ಸಿಲ್ಲಿನಲ್ಲಿ ಅಂಕಿಗಳಿದ್ದವು. ಹಳೆಯ ಅಂಕಿ ಅಳಿಸಿ ಹೊಸದು ಬರೆದದ್ದು. ಅಂಕಿ ಓದಲು ನನಗೆ ಯಾರೂ ಕಲಿಸಬೇಕಾಗಿಲ್ಲ.

ವಿಮಾನ ನಗರದಲ್ಲಿರುವ ಇಂಪನಾಗೆ ಫೋನು ಮಾಡಿದೆ. ಮೈಸೂರಿನ ಹುಡುಗಿ, ಸೌಂಡ್ ಸ್ಟುಡಿಯೊ ನಡೆಸುತ್ತಾಳೆ. ಮುದ್ರಿಕೆಗಳನ್ನು ಸಿದ್ಧ ಮಾಡಿ ಹೊರತಂದವಳು ಅವಳು.

"ಮೇಡಂ, ರೆಕಾರ್ಡಿಂಗ್ ಬಗ್ಗೆ ನಾನು ಏನೂ ಹೇಳಲ್ಲ ಅಂತ ಆವತ್ತೇ ಹೇಳಿದೀನಲ್ಲ."

"ರೆಕಾರ್ಡಿಂಗ್ ಬ್ಯಾಡವಾ. ಪುಸ್ತಕದಾಗ ಸ್ವರದ ಮ್ಯಾಲ ಒಂದು, ಎರಡು ಅಂತ ಬರದದ್ದು ಏನು?"

"ಅದಾ? ಫಿಂಗರಿಂಗ್. ಯಾವ ಬೆರಳಲ್ಲಿ ನುಡಿಸಬೇಕು ಅಂತ. ಹೆಬ್ಬೆರಳು ಒಂದು, ಕಿರುಬೆರಳು ಐದು. ಎರಡು ಕೈಗೂ ಹಾಗೇನೆ."

"ಮ್ಯಾಲಿನ ಸಾಲು ಯಾವ ಕೈಗೆ?"

"ರೈಟ್ ಹ್ಯಾಂಡ್. ಕೆಳಗಿನದು ಲೆಫ್ಟ್."

ಮುಚ್ಚಿದ ಪಿಯಾನೊದ ಹಲಗೆಯ ಮೇಲೆ ನನ್ನ ಬಲಗೈ ಇಟ್ಟೆ. ಎಡದಿಂದ ಬಲಕ್ಕೆ ಸ್ವರ ಏರುತ್ತದೆ, ಅಷ್ಟು ಮಾಂತು ತೋರಿಸಿಕೊಟ್ಟಿದ್ದ. ಬಲಗೈ ಏರಿದರೆ ಮೊದಲು ಹೆಬ್ಬೆರಳು, ಕೊನೆಗೆ ಕಿರುಬೆರಳು. ಒಂದು, ಎರಡು, ಮೂರು, ನಾಲ್ಕು, ಐದು. ಅಳಿಸಿದ ಹಳೆಯ ಗುರುತುಗಳು ಹಾಗೇ ಇದ್ದವು. ಅವುಗಳ ಮೇಲೆ ಬರೆದ ಹೊಸವು ಐದರಿಂದ ಒಂದಕ್ಕೆ ಇಳಿಯುತ್ತಿದ್ದವು.

"ಹಂಗಾದ್ರ ಮ್ಯಾಲಿನ ಸಾಲಿನ್ಯಾಗ ಸ್ವರ ಏರಿದಂಗ ಅಂಕಿ ಯಾಕ ಇಳೀತಾವವಾ?"

ಆ ಕಡೆ ಕುರ್ಚಿ ಸರಿದು ಬಾಗಿಲು ಮುಚ್ಚಿದ ಸದ್ದಾಯಿತು.

"ಮೇಡಂ, ಪ್ಲೀಸ್. ಆ ಬುಕ್ ಅಲ್ಲೇ ಇಟ್ಬಿಡಿ," ಅಂದಳು ಇಂಪನಾ. ಅವಳ ದನಿ ಬದಲಾಗಿತ್ತು. "ಅವರನ್ನೇ ಕೇಳಿ. ನಾನು ಪ್ರಾಮಿಸ್ ಮಾಡಿದೀನಿ."

ನಾನು ಹಲಗೆಯ ಮೇಲೆ ಈಗ ಎಡಗೈ ಇಟ್ಟೆ. ಏರಿಸಿದೆ. ಮೊದಲು ಕಿರುಬೆರಳು, ಕೊನೆಗೆ ಹೆಬ್ಬೆರಳು. ಐದು, ನಾಲ್ಕು, ಮೂರು, ಎರಡು, ಒಂದು.

ಒಂದು ನಿಮಿಷ ನಾನು ಆ ಜಮಖಾನೆಯ ಮೇಲೆ ಕೂತುಬಿಟ್ಟೆ.

ಈ ಅಂಬಾಬಾಯಿ ಯಾರೆಂದು ಈಗಲಾದರೂ ಸರಿಯಾಗಿ ಹೇಳಬೇಕು. ಇವರ ತಂದೆ ಬೈಲಹೊಂಗಲದ ಕಡೆಯವರು, ಪುಣೆಯಲ್ಲಿ ಬೆಲ್ಲದ ಸಗಟು ವ್ಯಾಪಾರ. ಏಳನೆಯ ವಯಸ್ಸಿನಲ್ಲಿ ಶಾಲೆಯ ಸಿಸ್ಟರ್ ಒಬ್ಬರು ಪಿಯಾನೊ ನುಡಿಸುವುದನ್ನು ಕೇಳಿ ಹುಡುಗಿ ಸಂಜೆಯಾದರೂ ಮನೆಗೆ ಬರಲಿಲ್ಲ. ಭಜನೆ ಬಿಟ್ಟು ಬೇರೇನೂ ಕೇಳದ ಆ ತಂದೆ, ಊರು ಬಿಟ್ಟು ಹೊರಟ ಪಾರ್ಸಿ ಕುಟುಂಬದ ಹಳೆಯ ಪಿಯಾನೊ ಕೊಂಡು ಎತ್ತಿನ ಗಾಡಿಯಲ್ಲಿ ತಂದರು. ಮನೆಯಲ್ಲಿ ಜಾಗವಿಲ್ಲದೆ ಗೋದಾಮಿನಲ್ಲಿ ಬೆಲ್ಲದ ಪೆಂಟೆಗಳ ನಡುವೆ ಇಟ್ಟರು. ಒಳಗೆ ಇರುವೆ ಹೊಕ್ಕವು. ಹುಡುಗಿ ನುಡಿಸಲು ಕೂತರೆ ಇರುವೆಗಳು ಸಾಲುಗಟ್ಟಿ ಹೊರಗೆ ಬರುತ್ತಿದ್ದವಂತೆ, ಹಮಾಲರು ಚೀಲ ಇಳಿಸಿ ನಿಂತು ಕೇಳುತ್ತಿದ್ದರಂತೆ.

ಹದಿನೆಂಟಕ್ಕೆ ವಿಯೆನ್ನಾ. ಅಲ್ಲಿಂದ ಮೂವತ್ತೈದು ವರ್ಷ ಊರೂರು, ದೇಶದೇಶ. ಎಲ್ಲ ಕಡೆಯೂ ಇಳಕಲ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ. ದಿನಕ್ಕೆ ಎಂಟು ತಾಸು ಅಭ್ಯಾಸ, ಜ್ವರವಿದ್ದರೆ ಆರು. ಒಮ್ಮೆ ಕಛೇರಿಯ ನಡುವೆ ದೀಪ ಹೋಯಿತು. ಕತ್ತಲಲ್ಲೇ ಇಪ್ಪತ್ತು ನಿಮಿಷ ನುಡಿಸಿದರು, ಎರಡು ಸಾವಿರ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಹನ್ನೆರಡು ವರ್ಷದ ಹಿಂದೆ, ತುಂಬಿದ ಸಭೆಯಲ್ಲಿ, ಬಲಗೈಯ ಉಂಗುರದ ಬೆರಳು ಒಳಕ್ಕೆ ಮಡಚಿಕೊಂಡಿತು. ಮತ್ತೆ ಬಿಚ್ಚಲಿಲ್ಲ. ಅವರು ಎದ್ದು ಕೈ ಮುಗಿದು ಒಳಗೆ ಹೋದರು. ಆಮೇಲೆ ಯಾರೂ ಅವರನ್ನು ವೇದಿಕೆಯ ಮೇಲೆ ನೋಡಿಲ್ಲ.

ಐದು ಗಂಟೆಗೆ ಅಂಬಾಬಾಯಿ ಕೋಣೆಯಿಂದ ಹೊರಬಂದರು. ಎಪ್ಪತ್ತೆರಡು ವಯಸ್ಸು, ನೆಟ್ಟಗಿನ ಬೆನ್ನು, ಬಲಗೈ ಸೆರಗಿನ ಒಳಗೆ. ಕಾಗದದ ಸುದ್ದಿ ಬಂದ ದಿನದಿಂದ ಅವರು ಈ ವಿಷಯವಾಗಿ ಯಾರೊಡನೆಯೂ ಒಂದು ಮಾತು ಆಡಿರಲಿಲ್ಲ. ನನ್ನನ್ನು ನೋಡಿ ಹುಬ್ಬೇರಿಸಿದರು.

"ಇನ್ನೂ ಇದ್ದೀರೇನು ಭೀಮವ್ವಾರ? ಕೆಲಸ ಮುಗೀತು ಅಂದಳಲ್ಲ ಶಿವಾನಿ."

"ಪಿಯಾನೊದ ಕೆಲಸ ಮುಗೀತ್ರಿ ಬಾಯಾರ. ಕೈಯಿಂದು ಮುಗಿದಿಲ್ಲ."

"ಯಾರ ಕೈ?"

"ನಿಮ್ಮ ಎಡಗೈ."

ನಾನು ಆಸನ ಎತ್ತಿ ಬಲಕ್ಕೆ ಸರಿಸಿ, ಅದರ ಕಾಲುಗಳನ್ನು ಜಮಖಾನೆಯ ಆಳದ ಗುರುತುಗಳೊಳಗೆ ಇಟ್ಟೆ. ಅಳತೆ ಹಿಡಿದಂತೆ ಕೂತವು.

"ಒಮ್ಮೆ ನಡುವ ಕೂತು ಎಡಗೈದು ನುಡಿಸಿದ್ರಿ," ಅಂದೆ. "ಆಮ್ಯಾಲ ಇಲ್ಲಿಗೆ ಸರದು ಬಲಗೈದನ್ನೂ ಎಡಗೈಲೇ ನುಡಿಸಿದ್ರಿ. ಇಂಪನಾ ಎರಡನ್ನೂ ಕೂಡಿಸಿದಳು. ತಪ್ಪಿದ್ರ ಬೈರಿ, ನಾ ಮದುವಿ ವಿಚಾರಣಿ ಮಾಡಾಕಿ, ನನಗಿದೆಲ್ಲ ಗೊತ್ತಾಗೂದಿಲ್ಲ."

ಅಂಬಾಬಾಯಿ ನನ್ನನ್ನೇ ನೋಡಿದರು. ಆಮೇಲೆ ಬಂದು, ನಾನು ಸರಿಸಿಟ್ಟ ಆಸನದ ಮೇಲೆ ಕೂತು, ಹಲಗೆ ತೆರೆದರು.

ಎಡಗೈ ಪಟ್ಟಿಗಳ ಮೇಲೆ ಇಳಿಯಿತು.

ನಾನು ಕೇಳಿದ್ದನ್ನು ಹೇಳಲು ನನಗೆ ಮಾತಿಲ್ಲ, ಆದರೂ ಹೇಳುತ್ತೇನೆ. ಮೂರನೆಯ ಮುದ್ರಿಕೆಯಲ್ಲಿ ಮೇಲುಗಡೆ ಓಡುವ ಒಂದು ಸಾಲು ಇದೆ, ಹಕ್ಕಿ ಎದ್ದ ಹಾಗೆ. ಬಲಗೈಗೆಂದೇ ಯಾರೋ ಮುನ್ನೂರು ವರ್ಷದ ಹಿಂದೆ ಬರೆದದ್ದು. ಅದು ಈಗ ನನ್ನ ಮುಂದೆ, ಹಿಂದುಮುಂದಾದ ಒಂದು ಕೈಯಿಂದ ಬರುತ್ತಿತ್ತು. ಹೆಬ್ಬೆರಳು ಮಾಡಬೇಕಾದದ್ದನ್ನು ಕಿರುಬೆರಳು ಮಾಡುತ್ತಿತ್ತು. ಬೆರಳುಗಳ ಗೆಣ್ಣುಗಳು ಊದಿದ್ದವು, ಮಣಿಕಟ್ಟಿನ ನರ ಎದ್ದು ಕಾಣುತ್ತಿತ್ತು. ಸ್ವರದಲ್ಲಿ ಮಾತ್ರ ಆ ಕಷ್ಟದ ಸುಳಿವೇ ಇರಲಿಲ್ಲ. ಇವರು ಮನುಷ್ಯರೋ ಏನೋ ಎಂದು ನನಗೆ ನಿಜವಾಗಿ ಅನ್ನಿಸಿತು. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲೂ ಹೆದರಿಕೆ, ಬಳೆ ಸದ್ದಾದರೆ ಎಂದು.

ನುಡಿಸಿ ಮುಗಿಸಿ ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡರು.

"ಏಳು ವರ್ಷ ಹಿಡೀತು," ಅಂದರು. "ಎಡಗೈಗೆ ಬಲಗೈ ಆಗೂದನ್ನ ಕಲಿಸಬೇಕಾತು. ಮೊದಲ ವರ್ಷ ಹುಡುಗೂರ ಪಾಠದಿಂದ ಶುರು ಮಾಡಿದೆ. ಇಡ್ಲಿ ತಿನ್ನಾಕನೂ ಎಡಗೈ, ಬರಿಯಾಕನೂ ಎಡಗೈ, ಅದಕ್ಕ ಬ್ಯಾರೆ ಕೆಲಸ ಹೇಳಬ್ಯಾಡ ಅಂತ ಶಿವಾನಿ ಊಟ ಮಾಡಸ್ತಿದ್ದಳು. ಆಕಿಗೂ ಇಂಪನಾಗೂ ಆಣಿ ಹಾಕಿಸೀನಿ, ಯಾರಿಗೂ ಹೇಳಬಾರದು ಅಂತ."

"ಯಾಕ್ರಿ ಬಾಯಾರ? ಇದನ್ನ ಕೇಳಿದ್ರ ಜನ ಕಾಲಿಗೆ ಬೀಳ್ತಾರ."

"ಕನಿಕರಪಟ್ಟು ಬೀಳ್ತಾರ. ಪಾಪ, ಒಂದ ಕೈಲೇ ಎಷ್ಟು ಚೊಲೋ ನುಡಿಸ್ಯಾಳ ಅಂತಾರ. ಇಲ್ಲಾ, ಎರಡು ಸಲ ನುಡಿಸಿ ಅಂಟಿಸಿದ್ದು, ಇದೂ ಒಂದು ಮೋಸ ಅಂತಾರ. ನನಗ ಎರಡೂ ಬ್ಯಾಡ. ಸಂಗೀತ ಕೇಳ್ರಿ, ನನ್ನ ಕೈ ನೋಡಬ್ಯಾಡ್ರಿ."

"ಆದ್ರ ನಾಳೆ ನಾಲ್ಕಕ್ಕ ಅವರು ನೋಡಾಕ ಬರ್ತಾರಲ್ರಿ. ಇದನ್ನ ತೋರಿಸದಿದ್ರ ನಿಮ್ಮ ಹೆಸರು ಉಳಿಯೂದಿಲ್ಲ. ತೋರಿಸ್ರಿ. ಐದೂ ನಿಮ್ಮವ ಅಂತ ಆ ಮೂವರ ಬಾಯಿಂದನ ಹೇಳಸೋಣು."

ಅಂಬಾಬಾಯಿ ತಲೆ ಎತ್ತಿದರು. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಿದ್ದವರು ಈಗ ಏಕವಚನಕ್ಕೆ ಇಳಿದರು.

"ಐದಲ್ಲ ಭೀಮವ್ವ. ನಾಲ್ಕು."

"ಅಂದ್ರ?"

"ಮೊದಲಿನ ನಾಲ್ಕು ನನ್ನವು. ಐದನೆಯದನ್ನ ನಾ ನುಡಿಸಿಲ್ಲ."

ಹೊರಗೆ ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗುತ್ತ ಹೋದ. ನಾನು ಮೊಬೈಲಿನಲ್ಲಿ ಐದನೆಯದನ್ನು ಮತ್ತೆ ತೆರೆದೆ.

"ಮಾಂತುನ ತಂತಿ ಐದನೆಯದರಾಗ ಅದರಿ," ಅಂದೆ. "ಇದ ಪಿಯಾನೊ."

"ನನಗ ಗೊತ್ತಿಲ್ಲೇನು? ಆ ತಂತಿ ಹಾಕಿದ ದಿನಾನ ಕೇಳಿಸಿತು. ಬಡಪಾಯಿ ಅಂಜಿದ್ದ, ಬಿಟ್ಟೆ. ಸೆಪ್ಟೆಂಬರ್‌ದಾಗ ಐದನೆಯದು ಹೊರಗ ಬಂದಾಗ ಕೇಳಿದೆ. ನನ್ನ ಹೆಸರು, ನನ್ನ ಪಿಯಾನೊ. ನುಡಿಸಿದವರು ಯಾರೋ. ಎರಡು ಕೈ, ಒಂದ ಸಲ, ನಡುವ ಕೂತು ನುಡಿಸಿದ್ದು."

"ಮತ್ತ ಸುಮ್ಮನ ಯಾಕ ಇದ್ರಿ?"

ಅವರು ಎಡಗೈಯಿಂದ ಮೇಲಿನ ಆ ಒಂದು ಸ್ವರವನ್ನು ಮೆಲ್ಲಗೆ ಒತ್ತಿದರು.

"ದಿನಾ ಕೇಳ್ತೀನಿ ಅದನ್ನ. ನನ್ನ ಬಲಗೈ ಚೊಲೋ ಇದ್ದಾಗನೂ ನನಗ ಹಂಗ ನುಡಿಸಾಕ ಬಂದಿಲ್ಲ. ಆ ಹನ್ನೊಂದನೇ ನಿಮಿಷದಾಗ ಎಲ್ಲಾ ನಿಲ್ತದಲ್ಲ, ಆ ಧೈರ್ಯ ನನಗ ಐವತ್ತು ವರ್ಷದಾಗ ಆಗಲಿಲ್ಲ. ನಂದಲ್ಲ ಅಂದ್ರ ಅದನ್ನ ಕಸದಾಗ ಒಗೀತಾರ. ನಂದು ಅಂದ್ರ ನಾ ಕಳ್ಳಿ. ಏನ ಹೇಳಲಿ ಹೇಳು."

ಹತ್ತು ದಿನದ ಮೌನಕ್ಕೆ ಕಾರಣ ಸಿಕ್ಕಿತ್ತು. ಇವರ ಹೆಸರು ಉಳಿಸಲು ನಾನು ಓಡಾಡುತ್ತಿದ್ದೆ. ಇವರು ಹೆಸರೇ ಗೊತ್ತಿಲ್ಲದ ಇನ್ನೊಬ್ಬರ ಸಂಗೀತ ಉಳಿಯಲಿ ಎಂದು ಬಾಯಿ ಹೊಲಿದುಕೊಂಡಿದ್ದರು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಇಂಥ ಸುಳ್ಳು ನಾನು ಹಿಡಿದಿಲ್ಲ. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ.

"ಅದನ್ನ ಬಿಡು," ಅಂದರು ಅಂಬಾಬಾಯಿ. "ಯಾರು ಅಂತ ಹುಡುಕು. ಜೂನ್ ಮೂರರ ಮ್ಯಾಲ ನಾ ಹನ್ನೆರಡು ದಿನ ದವಾಖಾನಿಯೊಳಗಿದ್ದೆ, ನ್ಯುಮೋನಿಯಾ. ಉಳಿದ ದಿನ ಮನಿಯೊಳಗ. ನನ್ನ ಕಿವಿ ತಪ್ಪಿಸಿ ಈ ಪಿಯಾನೊ ಯಾರೂ ಮುಟ್ಟಾಕ ಆಗೂದಿಲ್ಲ. ಆ ಹನ್ನೆರಡು ದಿನದಾಗನ ನುಡಿಸ್ಯಾರ."

"ಆವಾಗ ಮನಿ ಕೀಲಿ?"

"ನನ್ನ ಹತ್ರ ಇತ್ತರಿ," ಅಂದಳು ಶಿವಾನಿ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಚಹಾದ ಹೊತ್ತಿಗೆ ಮುಖಕ್ಕೆ ಬಂದಿದ್ದ ರಕ್ತವೆಲ್ಲ ಇಳಿದಿತ್ತು.

"ಕೆಲಸ ಮುಗೀತು ಅಂತ ಹೇಳಿದ್ನಲ್ಲರಿ ಭೀಮವ್ವಾರ. ಯಾಕ ಹೋಗಲಿಲ್ಲ ನೀವು?"

"ನೀ ನುಡಿಸಿದೆ ಏನು?" ಅಂದರು ಅಂಬಾಬಾಯಿ.

"ನನಗ ಎಲ್ಲಿ ಬರ್ತದ ಅತ್ತಿ? ನಾ ಬಾಗಿಲು ತೆರದು ಕೊಟ್ಟೆ, ಅಷ್ಟ. ಒಂದ ಸಲ, ಈ ಪಿಯಾನೊ ಮ್ಯಾಲ ಒಂದ ಸಲ ನುಡಿಸಿ ಹೋಗ್ತೀನಿ ಅಂದ್ರು. ನೀ ಉಳೀತಿ ಅಂತ ಡಾಕ್ಟರ್ ಹೇಳಿರಲಿಲ್ಲ. ರೆಕಾರ್ಡರ್ ನಾನ ಹಚ್ಚಿದೆ. ಅತ್ತಿದ, ಎರಡೂ ನಾನ ಕೂಡಿಸೀನಿ ಅಂತ ಹೇಳಿ ಇಂಪನಾಗ ಕಳಿಸಿದವಳೂ ನಾನ. ನೀ ಹೋದ್ರೂ ನಿನ್ನ ಹೆಸರಿಲೆ ಇಂಥಾದ್ದು ಒಂದು ಉಳೀಲಿ ಅಂತ."

"ಯಾರು ಶಿವಾನಿ?"

ಅವಳು ತಲೆ ಅಲ್ಲಾಡಿಸಿದಳು.

"ಹೆಸರು ಹೇಳೂದಿಲ್ಲ. ಮಾತು ಕೊಟ್ಟೀನಿ. ಆದ್ರ ನಾಳೆ ನಾಲ್ಕಕ್ಕ ಅವರು ಇಲ್ಲಿಗೆ ಬರ್ತಾರ."

"ಮಂಡಳಿಯ ಮೂವರೊಳಗ ಒಬ್ಬರೇನು?" ಅಂದೆ ನಾನು.

"ಹೌದ್ರಿ."

"ಆ ಕಾಗದ ಬರದವರೂ ಅವರನ ಏನು?"

"ಅದು ನನಗೂ ತಿಳಿದಿಲ್ಲರಿ. ಹತ್ತು ದಿನ ಆತು ನಿದ್ದಿ ಇಲ್ಲ ನನಗ."

ಆ ಮೂವರನ್ನೂ ನಾನು ಭೇಟಿಯಾಗಿದ್ದೆ. ಒಬ್ಬರು ನಿವೃತ್ತ ಪ್ರಾಧ್ಯಾಪಕರು, ಒಬ್ಬರು ಪತ್ರಿಕೆಯ ವಿಮರ್ಶಕಿ, ಒಬ್ಬರು ಕಾರ್ಯದರ್ಶಿ. ನಾವ್ಯಾರೂ ನುಡಿಸುವವರಲ್ಲ, ಬರೀ ಕೇಳುವವರು ಎಂದು ಮೂವರೂ ನನ್ನೆದುರು ಹೇಳಿದ್ದರು. ಅದರಲ್ಲಿ ಒಂದು ಸುಳ್ಳು.

ಅಂಬಾಬಾಯಿ ಬೈಯುತ್ತಾರೆ, ಅಳುತ್ತಾರೆ ಎಂದು ಕಾದೆ. ಅವರು ಪಿಯಾನೊದ ಕಡೆ ತಿರುಗಿ ಸ್ವರದ ಪುಸ್ತಕ ಮುಚ್ಚಿದರು.

"ನಾಳೆ ಅವರ ಮುಂದ ಐದನೆಯದನ್ನ ನುಡಿಸ್ತೀನಿ," ಅಂದರು. "ಎಡಗೈ ಅಷ್ಟ. ಎಡಗೈದು ಎಡಗೈಲೇ. ಬಲಗೈ ಜಾಗಾ ಖಾಲಿ ಬಿಡ್ತೀನಿ. ಹಂಗ ನುಡಿಸಿದವರಿಗೆ ಆ ಖಾಲಿ ಜಾಗಾ ಕೇಳಿ ಸುಮ್ಮನ ಕೂಡಾಕ ಆಗೂದಿಲ್ಲ. ಎದ್ದು ಬಂದು ತುಂಬಲೇಬೇಕು."

"ಯಾರೂ ಏಳದಿದ್ದರ?" ಅಂದೆ.

"ಆವಾಗ ಅರ್ಧ ನುಡಿಸಿದ ಮುದುಕಿ ಅಂತ ಬರಕೋತಾರ. ಹೆಸರು ಹೋಗ್ತದ. ಹೋಗಲಿ."

ಐವತ್ತು ವರ್ಷದ ಹೆಸರನ್ನು ಈ ಹೆಂಗಸು ಪಣಕ್ಕಿಟ್ಟಿದ್ದರು, ಮುಖದಲ್ಲಿ ಗೆರೆಯೂ ಕದಲದೆ. ಶಿವಾನಿ ಬಂದು ಅವರ ಮುಂದೆ ನೆಲದ ಮೇಲೆ ಕೂತು, ಆ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬ್ಯಾಡ ಅತ್ತಿ," ಅಂದಳು. "ಅವರು ಏಳತಾರ. ಅದ ನನಗ ಅಂಜಿಕಿ. ನೀ ಬಲ್ಲವರನ ಅವರು. ಯಾರು ಎದ್ದು ಬಂದ್ರು ಅಂತ ನೋಡಿದ ಮ್ಯಾಲ ಈ ಕೈನೂ ಮತ್ತ ಪಿಯಾನೊ ಮುಟ್ಟೂದಿಲ್ಲ."